ಸಿಯಾಟಲ್‌ನಲ್ಲಿ ಕೂತು ಕಂಪಾಲಾದ ವ್ಯಾನು ತುಂಬಿಸಿದ್ದು

ಸಿಂಚನಾ, ಮಧು,

ನಾನು ಅಮೆರಿಕದಿಂದ ಬಂದ ದಿನ ನೀವಿಬ್ಬರೂ ಆಚೀಚೆ ಕೂತು, "ಅಲ್ಲಿ ಏನೇನ್ ನೋಡಿದೆ ಅಜ್ಜಿ" ಎಂದು ಕೇಳಿದಿರಿ. "ಬಸ್ಸು ನೋಡಿದೆ" ಎಂದೆ. "ಬಸ್ಸು ಜಗಳೂರಲ್ಲೇ ಇರ್ಲಿಲ್ವಾ" ಎಂದು ಮಧು ನಕ್ಕ. ನಿಮ್ಮಪ್ಪನೂ ನಕ್ಕ. ನಾನೂ ನಕ್ಕು ಒಳಗೆ ಹೋದೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಬರೆಯುವಾಗ ಯಾರೂ ಮುಖ ನೋಡುತ್ತಿರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದು ಇಷ್ಟಕ್ಕಾದರೂ ಬರಲಿ ಎಂದು ಈ ನೋಟುಬುಕ್ಕು ಹಿಡಿದು ಕೂತಿದ್ದೇನೆ.

ನಾನು ಇದ್ದದ್ದು ಸಿಯಾಟಲ್‌ನಲ್ಲಿ, ಎರಡು ತಿಂಗಳು. ಆದರೆ ಕಣ್ತುಂಬ ನೋಡಿದ್ದು ಕಂಪಾಲಾ ಎಂಬ ಊರನ್ನು. ಅದು ಆಫ್ರಿಕಾದ ಉಗಾಂಡಾ ದೇಶದಲ್ಲಿದೆ. ನಾನು ಅಲ್ಲಿ ಕಾಲಿಟ್ಟವಳಲ್ಲ. ಅದು ಹೇಗೆ ಎಂದು ಹೇಳಲು ಹೊರಟರೆ ನಿಮ್ಮ ತಾತನ ವಿಷಯವನ್ನೂ, ನಿಮ್ಮಪ್ಪನಿಗೂ ತಿಳಿಯದ ನನ್ನ ಒಂದು ವಿಷಯವನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಮೊದಲ ಬಸ್ಸು

ನಿಮ್ಮ ಗಿರಿಜತ್ತೆಯ ಹತ್ತಿರ ಕಾರಿಲ್ಲ. ಅವಳು ಅಲ್ಲಿ ಕೆಲಸಕ್ಕೆ ಹೋದವಳಲ್ಲ, ಓದಲು ಹೋದವಳು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದವಳು ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದಳು. ಹಾಗಾಗಿ ನಾವು ಎಲ್ಲಿಗೆ ಹೋದರೂ ಬಸ್ಸಿನಲ್ಲೇ.

ಮೊದಲ ದಿನ ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ನಾನು ಕಾಲೆತ್ತುವಷ್ಟರಲ್ಲಿ ಸುಂಯ್ ಎಂದು ಉಸಿರು ಬಿಟ್ಟು ಒಂದು ಪಕ್ಕಕ್ಕೆ ಕುಸಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಪಂಕ್ಚರ್ ಆಯ್ತು ಕಣೇ" ಎಂದೆ.

"ಇಲ್ಲವ್ವಾ, ನಿನ್ನ ಸೀರೆ ನೋಡಿ ಡ್ರೈವರ್ ಬಸ್ಸು ತಗ್ಗಿಸಿದ್ದಾನೆ. ಹತ್ತು."

ಬಸ್ಸು ನಮಗೋಸ್ಕರ ಬಗ್ಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಕಡೆ ನಾವೇ ಮೊಣಕಾಲು ಹಿಡಿದು ಹತ್ತಬೇಕು. ನಾನು ಸೀಟಿನಲ್ಲಿ ಕೂತದ್ದನ್ನು ಕನ್ನಡಿಯಲ್ಲಿ ನೋಡಿಕೊಂಡ ಮೇಲೆಯೇ ಆ ಡ್ರೈವರ್ ಬಸ್ಸು ಬಿಟ್ಟ. ಇಳಿಯುವಾಗ ಅಲ್ಲಿ ಒಬ್ಬರೂ ಬಿಡದೆ ಡ್ರೈವರ್‌ಗೆ ಥ್ಯಾಂಕ್ ಯೂ ಹೇಳುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರೂ ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನನಗೆ ಬಾಯಿ ಬರಲಿಲ್ಲ. ಕೈ ಮುಗಿದೆ. ಅವನು ಟೋಪಿ ಮುಟ್ಟಿಕೊಂಡ.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಇಳಿದ ಮೇಲೂ ಬಸ್ಸು ಅಲ್ಲೇ ನಿಂತಿತ್ತು. ಕಂಡಕ್ಟರ್ ಇಲ್ಲದ ಬಸ್ಸು, ಪಾಪ, ಯಾರು ರೈಟ್ ಹೇಳಬೇಕು ಎನಿಸಿತು. ಅದರ ಪಕ್ಕಕ್ಕೆ ಎರಡು ಸಲ ತಟ್ಟಿ "ರೈಟ್" ಎಂದುಬಿಟ್ಟೆ. ಬಸ್ಸು ಅಲುಗಲಿಲ್ಲ. ಬಾಗಿಲು ಮತ್ತೆ ತೆರೆಯಿತು. ಡ್ರೈವರ್ ಎದ್ದು ಬಂದು, ಒಳಗೆ ಏನಾದರೂ ಬಿಟ್ಟಿದ್ದೀರಾ ಎಂದು ಕೇಳಿದ. ಗಿರಿಜತ್ತೆ ಕೆಂಪಗಾಗಿ ನಮ್ಮ ಊರಿನ ಪದ್ಧತಿಯನ್ನು ವಿವರಿಸಿದಳು. ಅವನು ಹೊಟ್ಟೆ ಹಿಡಿದು ನಕ್ಕ. ಕೂತ ಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿ, ತಾನೇ ಬಸ್ಸಿಗೆ ಎರಡು ಸಲ ತಟ್ಟಿ, ಹೊರಟ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು. ಅರವತ್ತು ಜನ ಹಿಡಿಸುವ ಆ ಬಸ್ಸಿನಲ್ಲಿ ಐದೇ ಜನ ಇದ್ದರು. ಗಡಿಯಾರದ ಮುಳ್ಳು ಹೊತ್ತಿಗೆ ಬಂತೆಂದರೆ ಬಸ್ಸು ಹೊರಟಿತು. ತುಂಬಲಿ ಎಂದು ಕಾಯುವವರಿಲ್ಲ, ಬನ್ನಿ ಎಂದು ಕೂಗುವವರಿಲ್ಲ. ನಿಮ್ಮ ತಾತ ನೋಡಿದ್ದರೆ ಅಡ್ಡ ನಿಂತು ತಡೆಯುತ್ತಿದ್ದರು. ನೀವು ಅವರನ್ನು ಫೋಟೋದಲ್ಲಷ್ಟೇ ಕಂಡವರು. ಅವರು ಜಗಳೂರಿನ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್. "ಚಳ್ಳಕೆರೆ ಚಳ್ಳಕೆರೆ ಚಳ್ಳಕೆರೆ" ಎಂದು ಅವರು ಉಸಿರು ಬಿಡದೆ ಕೂಗಿದರೆ ಸಂತೆ ಬೀದಿಯ ಆ ತುದಿಗೆ ಕೇಳುತ್ತಿತ್ತು.

ಯೂನಿವರ್ಸಿಟಿ ಡಿಸ್ಟ್ರಿಕ್ಟ್, ಮೂರನೇ ಮಹಡಿ

ಗಿರಿಜತ್ತೆಯ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಕಿಟಕಿಯಿಂದ ಕೆಳಗೆ ನೋಡಿದರೆ ಸೈಕಲ್ಲುಗಳು, ಟೋಪಿ ಎಳೆದುಕೊಂಡ ಹುಡುಗ ಹುಡುಗಿಯರು. ಜಿಟಿಜಿಟಿ ಮಳೆ ಬರುತ್ತಿದ್ದರೂ ಒಬ್ಬರೂ ಕೊಡೆ ಹಿಡಿಯುವುದಿಲ್ಲ. ಕೊಡೆ ಹಿಡಿದವಳು ನಾನೊಬ್ಬಳೇ.

ಕೋಣೆಯ ಒಂದು ಗೋಡೆಯ ತುಂಬ ಹಾಳೆ ಅಂಟಿಸಿದ್ದಳು. ನಡುವೆ ಒಂದು ದೊಡ್ಡ ಫೋಟೋ. ಒಂದು ಮೈದಾನದ ತುಂಬ ಬಿಳಿ ವ್ಯಾನುಗಳು, ಒಂದಕ್ಕೊಂದು ತಾಗುವಂತೆ, ಬಟ್ಟಲಲ್ಲಿ ಮಂಡಕ್ಕಿ ಸುರಿದ ಹಾಗೆ. ಪ್ರತಿಯೊಂದರ ಪಕ್ಕದಲ್ಲೂ ನೀಲಿ ಚುಕ್ಕಿಯ ಪಟ್ಟಿ.

"ಇದು ಕಂಪಾಲಾದ ಟ್ಯಾಕ್ಸಿ ಪಾರ್ಕ್ ಅವ್ವಾ. ಈ ವ್ಯಾನಿಗೆ ಅಲ್ಲಿ ಟ್ಯಾಕ್ಸಿ ಅಂತಾರೆ. ಹದಿನಾಲ್ಕು ಸೀಟು. ತುಂಬಿದ ಮೇಲೆ ಹೊರಡೋದು."

ಅವಳು ಅಲ್ಲಿ ಏಳು ತಿಂಗಳು ಇದ್ದು ಬಂದಿದ್ದಳು. ಒಂದು ಅಂಗಡಿಯ ಮೇಲಿನ ಕಿಟಕಿಯಲ್ಲಿ ಕ್ಯಾಮೆರಾ ಇಟ್ಟು, ದಿನವಿಡೀ ಆ ಪಾರ್ಕಿನ ವಿಡಿಯೋ ಚಿತ್ರ ತೆಗೆದಿದ್ದಳು. ಒಂದೊಂದು ಊರಿಗೆ ಒಂದೊಂದು ಜಾಗ. ಆ ಜಾಗಕ್ಕೊಬ್ಬ ಮುಖ್ಯಸ್ಥ. ಯಾವ ವ್ಯಾನು ಮೊದಲು ಬಂತು, ಯಾವುದು ಆಮೇಲೆ ಎಂದು ಒಬ್ಬ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಮೊದಲಿನದು ತುಂಬುವವರೆಗೆ ಎರಡನೆಯದಕ್ಕೆ ಯಾರನ್ನೂ ಹತ್ತಿಸುವಂತಿಲ್ಲ. ಕೂಗುವವರು ಬೇರೆ, ಮೂಟೆ ಏರಿಸುವವರು ಬೇರೆ, ಕಿಟಕಿಗೆ ನೀರು, ಕಡಲೆಕಾಯಿ ಹಿಡಿಯುವ ಹೆಂಗಸರು ಬೇರೆ. ಹೊಸಬರು ಯಾರಾದರೂ ಕೆಲಸಕ್ಕೆ ಸೇರಬೇಕಾದರೆ ಒಳಗಿನವರೊಬ್ಬರು ಕೈ ಹಿಡಿದು ಕರೆತರಬೇಕು. ಯಾರಿಗೂ ಆರ್ಡರ್ ಕಾಗದವಿಲ್ಲ, ಸಂಬಳದ ಚೀಟಿ ಇಲ್ಲ. ಆದರೂ ಬೆಳಗಾದರೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿರುತ್ತಾರೆ.

ಅವಳು ಹೇಳುತ್ತಾ ಹೋದಂತೆ ನನಗೆ ಅದು ಪರದೇಶ ಎನಿಸಲೇ ಇಲ್ಲ. ಜಗಳೂರಿನ ಬಸ್ ಸ್ಟ್ಯಾಂಡನ್ನು ಹಿಡಿದು ಎಳೆದು ದೊಡ್ಡದು ಮಾಡಿದಂತಿತ್ತು.

"ಬೇರೆಯವರು ಇದನ್ನ ನೋಡಿ ಬರೀ ಗಲಾಟೆ ಅಂತಾರೆ. ಅಲ್ಲ, ಇದರೊಳಗೆ ಒಂದು ಆರ್ಡರ್ ಇದೆ ಅಂತ ನಾನು ಪ್ರೂವ್ ಮಾಡ್ಬೇಕು. ಅದೇ ನನ್ನ ಥೀಸಿಸ್."

"ಮಾಡು ಮತ್ತೆ" ಎಂದೆ.

"ಲೆಕ್ಕ ಕೂಡ್ತಾ ಇಲ್ಲವ್ವಾ" ಎಂದಳು.

ತೊಡಕು ಇದಾಗಿತ್ತು. ಒಂದೊಂದು ವ್ಯಾನಿಗೂ ಎಷ್ಟು ಜನ ಹತ್ತಿದರು ಎಂದು ಅವಳು ಚಿತ್ರ ನೋಡಿ ಎಣಿಸಿದ್ದಳು. ಹದಿನೇಳು ಜನ ಹತ್ತಿರುತ್ತಿದ್ದರು, ಕೆಲವೊಮ್ಮೆ ಹದಿನೆಂಟು. ಹೊರಡುವಾಗ ಒಳಗಿರುತ್ತಿದ್ದುದು ಹದಿನಾಲ್ಕೇ. ಮೂವರು ನಾಲ್ವರು ಪ್ರತಿ ಸಲವೂ ನಡುವೆ ಇಳಿದು ಹೋಗುತ್ತಿದ್ದರು. ಅವಳ ಗೈಡು, ಪ್ರೊಫೆಸರಮ್ಮ, ನೇರವಾಗಿ ಹೇಳಿದ್ದರಂತೆ. ಒಂದೋ ನೀನು ಎಣಿಸಿದ್ದು ತಪ್ಪು, ಇಲ್ಲವೇ ಜನ ಕಾದು ಬೇಸತ್ತು ಇಳಿದು ಹೋಗುತ್ತಿದ್ದಾರೆ. ಹಾಗೆ ಇಳಿದು ಹೋಗುತ್ತಿದ್ದರೆ ಅಲ್ಲಿ ಶಿಸ್ತಿದೆ ಎಂದು ಹೇಗೆ ಬರೆಯುತ್ತೀಯ ಎಂದು. ಇನ್ನು ಮೂರು ವಾರಕ್ಕೆ ಐದು ಜನರ ಕಮಿಟಿಯ ಮುಂದೆ ಅವಳು ಅದನ್ನು ಮಂಡಿಸಬೇಕಿತ್ತು. ಆ ಅಧ್ಯಾಯ ಬಿದ್ದುಹೋದರೆ ಮೂರು ವರ್ಷದ ದುಡಿಮೆಯೂ ಬಿದ್ದಂತೆಯೇ.

"ಯಾಕೆ ಇಳೀತಾರೆ ಅಂತ ಗೊತ್ತಾದ್ರೆ ಸಾಕು" ಎಂದು ತಲೆ ಹಿಡಿದು ಕೂತಳು.

ಹಳದಿ ಗೌನಿನ ಹೆಂಗಸು

ಮರುದಿನ ಅವಳು ಕಂಪ್ಯೂಟರಿನಲ್ಲಿ ಆ ಚಿತ್ರ ಹಾಕಿಕೊಂಡು ಮತ್ತೆ ಎಣಿಸುತ್ತಿದ್ದಳು. ನಾನು ಹಿಂದೆ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಬೇರೆಯವರಿಗೆ ಸಿನಿಮಾ ಹೇಗೋ ನನಗೆ ಬಸ್ ಸ್ಟ್ಯಾಂಡು ಹಾಗೆ, ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಂದು ಖಾಲಿ ವ್ಯಾನು ಮುಂದಕ್ಕೆ ಬಂತು. ಕೂಗುವವನು ಕೂಗತೊಡಗಿದ. ಹಳದಿ ಗೌನು ಹಾಕಿದ ಒಬ್ಬ ಹೆಂಗಸು ಬಂದು, ಜನ ಓಡಾಡುವ ಬದಿಯ ಕಿಟಕಿಗೆ ಕೂತಳು. ಕೈಯಲ್ಲೊಂದು ಉಬ್ಬಿದ ಚೀಲ. ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಬಗ್ಗಿ ಅವಳನ್ನು ಏನೋ ಕೇಳಿ ಹತ್ತಿದರು. ಆಮೇಲೆ ಗಂಡಸರು. ಸೀಟು ತುಂಬುತ್ತಾ ಬಂದಾಗ ಅವಳು ಏನೋ ಮರೆತವಳಂತೆ ಎದ್ದು ಇಳಿದಳು. ವ್ಯಾನಿನ ಹಿಂದೆ ಹಾದು ಮರೆಯಾದಳು.

ನನ್ನ ಕೈ ನಿಂತಿತು. ಗಿರಿಜತ್ತೆ "ಇನ್ನೊಬ್ಬಳು ಇಳಿದಳು" ಎಂದು ಗುರುತು ಹಾಕಿಕೊಂಡಳು.

ಅವಳಿಗೆ ಕಾಣದ್ದು ನನಗೆ ಕಂಡಿತ್ತು. ಆ ಚೀಲ ಉಬ್ಬಿತ್ತು, ಆದರೆ ಅದಕ್ಕೆ ತೂಕವಿರಲಿಲ್ಲ. ಊರಿಗೆ ಹೊರಟವಳು ಚೀಲವನ್ನು ಕಾಲ ಬಳಿ ಇಟ್ಟು ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಒರಗುತ್ತಾಳೆ. ಇವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನ ಅಂಚಿಗೆ ಕೂತಿದ್ದಳು. ಅವಳ ಕಣ್ಣು ದಾರಿಯ ಮೇಲಿರಲಿಲ್ಲ, ಕೂಗುವವನ ಮೇಲಿತ್ತು. ಹಾಗೆ ಕೂರುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು.

ಮಕ್ಕಳೇ, ನಾನು ನಾಲ್ಕು ವರ್ಷ ಹಾಗೆ ಕೂತಿದ್ದೆ.

ಮದುವೆಯಾದ ಹೊಸದರಲ್ಲಿ ನಿಮ್ಮ ತಾತನಿಗೆ ಚಳ್ಳಕೆರೆಯ ಬೆಳಗಿನ ಬಸ್ಸು ತುಂಬಿಸುವ ಕೆಲಸ ಸಿಕ್ಕಿತು. ಎಷ್ಟು ಕೂಗಿದರೂ ಖಾಲಿ ಬಸ್ಸಿಗೆ ಯಾರೂ ಹತ್ತುತ್ತಿರಲಿಲ್ಲ. ಬಾಗಿಲಿನವರೆಗೆ ಬಂದು, ಒಳಗೆ ಇಣುಕಿ, ಹಿಂದಕ್ಕೆ ಹೋಗುತ್ತಿದ್ದರು. ಒಂದು ದಿನ ತಾತ ಮನೆಗೆ ಬಂದು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡರು. "ಸುಮ್ನೆ ಅರ್ಧ ಗಂಟೆ ಕೂತು ಬರ್ತೀಯಾ" ಎಂದರು. ಹಳೇ ಸೀರೆ ತುರುಕಿದ ಒಂದು ಚೀಲ ಹಿಡಿದು ಹೋದೆ. ಮೂರನೇ ಸೀಟು, ಕಿಟಕಿ ಪಕ್ಕ. "ಇದು ಚಳ್ಳಕೆರೆಗೆ ಹೋಗ್ತೈತೇನವ್ವಾ" ಎಂದು ಹೆಂಗಸರು ಕೇಳಿದರೆ "ಹ್ಞೂಂ, ಇನ್ನೇನು ಬಿಡ್ತಾರೆ" ಎನ್ನುವುದು. ಕಂಡಕ್ಟರ್ ಟಿಕೆಟ್ ಹರಿಯಲು ಶುರು ಮಾಡಿದ ಕೂಡಲೇ "ಅಯ್ಯೋ, ಮನೆಗೆ ಬೀಗ ಹಾಕಿಲ್ಲ" ಎಂದು ಇಳಿಯುವುದು. ಗುರುತಿಲ್ಲದವರ ಜೊತೆ ನಾನು ಆಡಿದ ಮಾತು ಆ ನಾಲ್ಕು ವರ್ಷದಲ್ಲಿ ಇಷ್ಟೇ. ಅದನ್ನೂ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದೆ.

ಒಂದು ಬೆಳಿಗ್ಗೆ ದಿನಾ ಅದೇ ಬಸ್ಸಿಗೆ ಬರುತ್ತಿದ್ದ ಒಬ್ಬ ಮುದುಕ ಗಟ್ಟಿಯಾಗಿ, "ಈಯಮ್ಮ ದಿನಾ ಬೀಗ ಹಾಕೋದು ಮರೀತಾಳೆ, ಮನೇಲಿ ಪಾತ್ರೆ ಪಗಡ ಏನಾರ ಉಳಿದೈತೋ ಇಲ್ವೋ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ತಾತನೂ ಮತ್ತೆ ಕೇಳಲಿಲ್ಲ. ಆ ಮಾತನ್ನು ನಾವಿಬ್ಬರೂ ಮಕ್ಕಳ ಮುಂದೆ ಎತ್ತಲಿಲ್ಲ.

ಆದ್ದರಿಂದ ಆ ದಿನ ಗಿರಿಜತ್ತೆಯ ಹಿಂದೆ ಕೂತು ನಾನು ಏನೂ ಕಾಣದವಳಂತೆ ಹುರುಳಿಕಾಯಿ ಸೋಸಿದೆ.

ಎಜುಕೇಶನ್ ಹಿಲ್, ಭಾನುವಾರ

ಆ ಭಾನುವಾರ ಮೈಸೂರಿನವರೊಬ್ಬರು ಊಟಕ್ಕೆ ಕರೆದಿದ್ದರು. ರವಿ ಮತ್ತು ಅವರ ಹೆಂಡತಿ ಸ್ಮಿತಾ, ಇಬ್ಬರೂ ಕಂಪ್ಯೂಟರ್ ಕೆಲಸದವರು. ಎಜುಕೇಶನ್ ಹಿಲ್ ಎಂಬ ಗುಡ್ಡದ ಮೇಲೆ ಚೆಂದದ ಮನೆ. ಬಿಸಿಬೇಳೆಬಾತು ಮಾಡಿ, ನನಗೆ ಗಟ್ಟಿ ಎನಿಸಬಾರದು ಎಂದು ಅನ್ನವನ್ನು ಮೆತ್ತಗೆ ಬೇಯಿಸಿದ್ದರು. ಆ ಅಕ್ಕರೆಯನ್ನು ಮರೆಯಲಾರೆ. ಅವರ ಮಗಳನ್ನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ನಾನು ಉತ್ತರವನ್ನು ಅದರ ಮುಖದಲ್ಲಿ ಓದಿಕೊಂಡೆ.

"ಅಂಕಲ್ ಏನ್ ಮಾಡ್ತಿದ್ರು ಆಂಟಿ?" ಎಂದು ಸ್ಮಿತಾ ಕೇಳಿದಳು.

ನಾನು ಬಾಯಿ ಬಿಡುವ ಮೊದಲೇ ಗಿರಿಜತ್ತೆ, "ನಮ್ಮಪ್ಪ ಬಸ್ ಏಜೆಂಟ್" ಎಂದಳು. ಹೆಮ್ಮೆಯಿಂದಲೇ ಎಂದಳು.

ರವಿ ನಕ್ಕರು. "ಅಯ್ಯೋ, ಆ ಏಜೆಂಟ್‌ಗಳ ಸಹವಾಸ ಬೇಡ. ಕಾಲೇಜ್ ಟೈಮಲ್ಲಿ ನೋಡಿದೀನಲ್ಲ. ಈಗ ಬಿಡ್ತಾರೆ ಸಾರ್, ಈಗ ಬಿಡ್ತಾರೆ ಅಂತ ಹತ್ತಿಸ್ಕೊಂಡು ಒಂದ್ ಗಂಟೆ ಕೂರಿಸೋರು. ಎಲ್ಲಾ ಬುರುಡೆ."

"ನಮ್ಮಪ್ಪ ಹಾಗಲ್ಲ" ಎಂದಳು ಗಿರಿಜತ್ತೆ. "ಸುಳ್ಳು ಹೇಳಿ ಒಬ್ಬರನ್ನೂ ಹತ್ತಿಸಿದವರಲ್ಲ."

"ಇಲ್ಲ ಇಲ್ಲ, ನಿಮ್ಮ ಫಾದರ್‌ನ ಹೇಳಿಲ್ಲಪ್ಪ, ತಮಾಷೆಗಂದೆ" ಎಂದು ರವಿ ಮೊಸರಿನ ಪಾತ್ರೆ ನನ್ನ ಕಡೆಗೆ ಸರಿಸಿದರು.

ನಾನು ಅನ್ನಕ್ಕೆ ಮೊಸರು ಹಾಕಿಕೊಂಡೆ. ಹೇಳದಿದ್ದರೆ ಮಗಳ ಮೂರು ವರ್ಷ ಹೋಗುತ್ತದೆ. ಹೇಳಿದರೆ ಅವಳು ನಂಬಿದ ಅಪ್ಪ ಹೋಗುತ್ತಾರೆ. ಮನೆಗೆ ಬರುವಾಗ ಬಸ್ಸು ನೀರಿನ ಮೇಲೆ ಕಟ್ಟಿದ ಉದ್ದನೆಯ ಸೇತುವೆ ದಾಟಿತು. "ಇವತ್ತು ಬೆಟ್ಟ ಕಾಣ್ತಾ ಇದೆ ನೋಡವ್ವಾ" ಎಂದು ಅವಳು ಹಿಮದ ಬೆಟ್ಟ ತೋರಿಸಿದಳು. ಆ ಊರಿನವರೆಲ್ಲ ಮೋಡ ಸರಿದು ಬೆಟ್ಟ ಕಂಡ ದಿನ ಒಬ್ಬರಿಗೊಬ್ಬರು ಹಾಗೆ ತೋರಿಸಿಕೊಳ್ಳುತ್ತಾರೆ. ನಾನು ನೋಡಿದೆ. ಮನಸ್ಸು ಅದರಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ

ನಾನು ಸ್ನಾನ ಮುಗಿಸಿ ಬಂದಾಗ ಗಿರಿಜತ್ತೆ ಸ್ಟೂಲಿನ ಮೇಲೆ ನಿಂತು ಗೋಡೆಯ ಹಾಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

"ಏನ್ ಮಾಡ್ತಿದೀಯೇ?"

"ಈ ಚಾಪ್ಟರ್ ಬಿಡ್ತೀನಿ ಅವ್ವಾ. ನನ್ನ ಎಣಿಕೆ ತಪ್ಪು ಅಂತ ಗೈಡ್‌ಗೆ ಮೇಲ್ ಬರೀತೀನಿ."

ದೊಡ್ಡ ಫೋಟೋದ ಒಂದು ಮೂಲೆ ಆಗಲೇ ಸಡಿಲವಾಗಿ ತೂಗುತ್ತಿತ್ತು. ನಾನು ಹೋಗಿ ಅದನ್ನು ಅಂಗೈಯಿಂದ ಒತ್ತಿ ಹಿಡಿದೆ.

"ಆ ಹಳದಿ ಗೌನಿನೋಳನ್ನ ಎಣಿಸಬೇಡ" ಎಂದೆ.

"ಯಾರು?"

"ಚೀಲ ತೊಡೆ ಮೇಲೆ ಇಟ್ಕಂಡಿದ್ಲಲ್ಲ. ಅವಳು ಎಲ್ಲಿಗೂ ಹೋಗೋಳಲ್ಲ."

"ನಿಂಗೆ ಹೆಂಗೆ ಗೊತ್ತು?"

ಫೋಟೋ ಒತ್ತಿ ಹಿಡಿದುಕೊಂಡೇ, ಗೋಡೆಗೆ ಮುಖ ಮಾಡಿಕೊಂಡೇ ಹೇಳಿದೆ. ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಚೀಲದ ವಿಷಯ, ಮೂರನೇ ಸೀಟಿನ ವಿಷಯ, ಬೀಗದ ವಿಷಯ, ಆ ಮುದುಕನ ವಿಷಯ.

ಅವಳು ಸ್ಟೂಲಿನಿಂದ ಇಳಿದು ಅಡುಗೆ ಮೂಲೆಗೆ ಹೋದಳು. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು.

"ಅಪ್ಪ ನಿನ್ನ ಹಂಗೆ ಕೂರಿಸ್ತಿದ್ರಾ? ನಿನ್ನೆ ಅವರ ಮುಂದೆ ಏನ್ ಹೇಳ್ದೆ ನಾನು?"

"ಇನ್ನೇನು ಬಿಡ್ತಾರೆ ಅಂದೋಳು ನಾನು. ನಿಮ್ಮಪ್ಪ ಅಲ್ಲ."

"ಅದು ಸುಳ್ಳಲ್ವೇನವ್ವಾ?"

"ಅರ್ಧ ಸುಳ್ಳು. ನಾನು ಚಳ್ಳಕೆರೆಗೆ ಹೋಗ್ತಿರ್ಲಿಲ್ಲ. ಬಸ್ಸು ಹೋಗ್ತಿತ್ತು." ನನಗೆ ಅಷ್ಟು ಮಾತು ಎಲ್ಲಿಂದ ಬಂತೋ ತಿಳಿಯದು. "ಖಾಲಿ ಬಸ್ಸಿಗೆ ಹೆಣ್ಣುಮಕ್ಕಳು ಹತ್ತಲ್ಲ ಕಣೇ. ಬರೀ ಗಂಡಸ್ರು ಕೂತಿದ್ರೂ ಹತ್ತಲ್ಲ. ಒಳಗೆ ನಮ್ಮಂಥೋಳು ಒಬ್ಬಳು ಕೂತವಳೆ ಅಂತ ಕಂಡ್ರೆ ಹತ್ತೋರು. ಅವರು ಹತ್ತಿದ ಮೇಲೆ ಮಿಕ್ಕೋರು. ಹಂಗೆ ಒಬ್ಬರು ಕೂರದೇ ಇದ್ದಿದ್ರೆ ಆ ಬಸ್ಸು ಮಧ್ಯಾಹ್ನ ಆದ್ರೂ ಹೊರಡ್ತಿರಲಿಲ್ಲ. ಕೂಗೋದು ಹೆಂಗೆ ಕೆಲಸವೋ ಕೂರೋದೂ ಹಂಗೆ ಒಂದು ಕೆಲಸ."

ನಲ್ಲಿ ನಿಂತಿತು. ಅವಳು ಒದ್ದೆ ಕೈಯಲ್ಲೇ ಬಂದು ಪೆನ್ನು ಹುಡುಕಿದಳು. "ಕೂರೋದೂ ಒಂದು ಕೆಲಸ" ಎಂದು ತನಗೆ ತಾನೇ ಹೇಳಿಕೊಂಡು ಬರೆದಳು. ಆಮೇಲೆ ಸ್ಟೂಲು ಹತ್ತಿ, ಕಿತ್ತ ಹಾಳೆಗಳನ್ನು ಮತ್ತೆ ಅಂಟಿಸಿದಳು. ನಾನು ಕೆಳಗೆ ನಿಂತು ಒಂದೊಂದಾಗಿ ಎತ್ತಿ ಕೊಟ್ಟೆ.

ನಕಾಟೊ ಬಂದದ್ದು

ನನ್ನ ಒಬ್ಬಳ ಮಾತು ಸಾಕಾಗುತ್ತಿರಲಿಲ್ಲ. ಜಗಳೂರಿನದು ಕಂಪಾಲಾಕ್ಕೆ ಹೇಗೆ ಸಾಕ್ಷಿ? ಅದಕ್ಕೆ ಅವಳು ನಕಾಟೊ ಎಂಬುವಳಿಗೆ ಫೋನು ಮಾಡಿದಳು. ನಕಾಟೊ ಕಂಪಾಲಾದವಳು. ಯೂನಿವರ್ಸಿಟಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಬಿಡುವಿನಲ್ಲಿ ಗಿರಿಜತ್ತೆ ತಂದ ಧ್ವನಿಮುದ್ರಣಗಳನ್ನು ತನ್ನ ಭಾಷೆಯಿಂದ ಇಂಗ್ಲಿಷಿಗೆ ಬರೆದುಕೊಡುತ್ತಿದ್ದಳು. ಮೊದಲು ಆರು ವರ್ಷ ಅದೇ ಪಾರ್ಕಿನಲ್ಲಿ ವ್ಯಾನಿನ ಕಿಟಕಿಗಳಿಗೆ ಹಣ್ಣಿನ ಪಾನಕ ಮಾರಿದವಳು.

ಬಾಗಿಲು ತೆಗೆದವಳು ನಾನು. ದಪ್ಪ ಕೋಟು ಹಾಕಿದ, ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ನನ್ನನ್ನು ನೋಡಿದ ಕೂಡಲೇ ಹೊಸಿಲ ಬಳಿ ಎರಡೂ ಮಂಡಿಯೂರಿ ಕೂತಳು. ಪಾಪ, ಕಿವಿಯ ಓಲೆಯೋ ಬೀಗದ ಕೈಯೋ ಬಿದ್ದಿರಬೇಕು ಎಂದುಕೊಂಡೆ. ನಾನೂ ಮಂಡಿಯೂರಿ ಚಾಪೆಯ ಮೇಲೆ ಕೈಯಾಡಿಸಿ ಹುಡುಕತೊಡಗಿದೆ. "ಏನು ಬಿತ್ತವ್ವಾ" ಎಂದೆ. ಅವಳು ತಬ್ಬಿಬ್ಬಾಗಿ ತಲೆಯನ್ನು ಇನ್ನೂ ಬಗ್ಗಿಸಿದಳು. ನಾನೂ ಬಗ್ಗಿಸಿದೆ.

ಗಿರಿಜತ್ತೆ ಬಂದು ನೋಡಿ ಗೋಡೆಗೆ ಒರಗಿ ನಕ್ಕಳು. "ಏನೂ ಬಿದ್ದಿಲ್ಲವ್ವಾ. ಅವರಲ್ಲಿ ಹಿರಿಯರಿಗೆ ನಮಸ್ಕಾರ ಮಾಡೋದು ಹಂಗೆ. ನೀನು ಏಳೋವರೆಗೆ ಅವಳು ಏಳಲ್ಲ."

ಒಬ್ಬರ ಕೈ ಒಬ್ಬರು ಹಿಡಿದು ಎದ್ದೆವು. ಅವಳು ನನ್ನನ್ನು 'ಜಾಜಾ' ಎಂದಳು. ಅಜ್ಜಿ ಎಂದರ್ಥವಂತೆ. ಅವಳ ಇಂಗ್ಲಿಷನ್ನು ಗಿರಿಜತ್ತೆ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು.

ಹಳದಿ ಗೌನಿನವಳ ಚಿತ್ರ ಹಾಕಿ ತೋರಿಸಿದ್ದಕ್ಕೆ ನಕಾಟೊ ನಕ್ಕಳು. "ಅವಳ ಹೆಸರು ನನಗೆ ಗೊತ್ತು. ದಿನಕ್ಕೆ ಹತ್ತು ವ್ಯಾನು ತುಂಬಿಸುತ್ತಾಳೆ. ಒಂದರಲ್ಲೂ ಊರು ಸೇರಿದವಳಲ್ಲ" ಎಂದಳು.

"ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಗಿರಿಜತ್ತೆ ಕೇಳಿದಳು.

"ನೀನು ಕೇಳಲಿಲ್ಲ. ಹತ್ತಿದವರು ಎಷ್ಟು ಎಂದು ಕೇಳಿದೆ. ಹೊರಟವರು ಎಷ್ಟು ಎಂದು ಕೇಳಿದೆ." ಆಮೇಲೆ ನನ್ನ ಕಡೆ ನೋಡಿ ಹೇಳಿದಳು. "ಮತ್ತೆ, ಹೇಳಿದರೆ ನಮ್ಮವರು ಮೋಸಗಾರರು ಎಂದು ಪುಸ್ತಕದಲ್ಲಿ ಬರುತ್ತದೆ ಅಂದುಕೊಂಡೆ. ನನ್ನ ತಂಗಿಯೂ ಅಲ್ಲಿ ಕೂರುತ್ತಿದ್ದಳು."

ಗಿರಿಜತ್ತೆ ಇದನ್ನು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಎದ್ದು ಹೋಗಿ ಗಿರಿಜತ್ತೆಯ ಕೈಚೀಲಕ್ಕೆ ನನ್ನ ಶಾಲು ತುರುಕಿ, ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿಗೆ ಕೂತೆ. ನಕಾಟೊ ಹೋ ಎಂದು ನಕ್ಕು, ತನ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಅದೇ ರೀತಿ ಕೂತಳು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು.

ಹತ್ತು ದಿನ

ಆಮೇಲಿನ ಹತ್ತು ದಿನ ಅಮೆರಿಕದಲ್ಲಿ ನಾನು ಕಳೆದ ಅತ್ಯಂತ ಒಳ್ಳೆಯ ದಿನಗಳು. ಹೊರಗೆ ಯೂನಿವರ್ಸಿಟಿಯ ಅಂಗಳದಲ್ಲಿ ಚೆರ್ರಿ ಮರಗಳು ಹೂ ಬಿಟ್ಟಿದ್ದವು. ದೂರದೂರದಿಂದ ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಮೂವರು ಕಿಟಕಿಯ ಪರದೆ ಎಳೆದು ಕಂಪಾಲಾ ನೋಡುತ್ತಿದ್ದೆವು.

ಎಲ್ಲ ಚಿತ್ರಗಳನ್ನೂ ಮೊದಲಿನಿಂದ ಎಣಿಸಿದೆವು. ಯಾರಾದರೂ ಹತ್ತಿದರೆ ಗಿರಿಜತ್ತೆ ನಿಲ್ಲಿಸುತ್ತಿದ್ದಳು. ನಕಾಟೊ ಮತ್ತು ನಾನು ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದನ್ನು ಒಬ್ಬರು ನೋಡದೆ, ಪ್ರಯಾಣಿಕರೋ ಕೂರುವವರೋ ಎಂದು ಗುರುತು ಹಾಕಬೇಕಿತ್ತು. ಅವಳು ಪರಿಚಯದ ಮುಖ ಹುಡುಕುತ್ತಿದ್ದಳು. ನಾನು ಚೀಲ ಮತ್ತು ಕಾಲು ನೋಡುತ್ತಿದ್ದೆ. ಒಮ್ಮೆ ಕೋಟು ಹಾಕಿದ ಒಬ್ಬ ದೊಡ್ಡ ಮನುಷ್ಯನ ಬಗ್ಗೆ ಇಬ್ಬರಿಗೂ ಜಗಳವಾಯಿತು. ಅವನು ಕೂರುವವನೇ ಎಂದು ಅವಳು, ಅಲ್ಲ ಎಂದು ನಾನು. ಚಿತ್ರ ಮುಂದೆ ಓಡಿಸಿದರೆ ಅವನು ಕೊನೆಯವರೆಗೂ ಇಳಿಯಲಿಲ್ಲ. ನಕಾಟೊ ನನಗೆ ತಲೆಬಾಗಿದಳು. ಮರುದಿನ ಮಗು ಎತ್ತಿಕೊಂಡ ಒಬ್ಬಳ ವಿಷಯದಲ್ಲಿ ನಾನು ಸೋತೆ. ಮಗು ಇದ್ದವಳು ಕೂರುವವಳಿರಲಾರಳು ಎಂದುಕೊಂಡಿದ್ದೆ. ಅವಳು ಇಳಿದು ಹೋಗಿ, ಅದೇ ಮಗುವಿನ ಜೊತೆ ಮುಂದಿನ ವ್ಯಾನಿನಲ್ಲಿ ಕೂತಳು.

ಮಧ್ಯಾಹ್ನ ನಾನು ರಾಗಿಮುದ್ದೆ ಮಾಡುತ್ತಿದ್ದೆ. ನಕಾಟೊ ಅದನ್ನು ಕೈಯಲ್ಲಿ ಮುರಿದು, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಸಾರು ತುಂಬಿಕೊಂಡು ತಿಂದಳು. ಅವರ ಕಡೆಯೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ. ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೂರುವವರನ್ನು ಕಳೆದಾಗ ಒಂದೊಂದು ವ್ಯಾನಿನ ಲೆಕ್ಕವೂ ಹದಿನಾಲ್ಕಕ್ಕೆ ಬಂದು ನಿಂತಿತು. ನಾಲ್ಕೈದು ವ್ಯಾನುಗಳು ಮಾತ್ರ ಕೂಡಲಿಲ್ಲ. ಅಲ್ಲಿ ನಿಜವಾಗಿಯೂ ಯಾರೋ ಬೇಸತ್ತು ಇಳಿದಿದ್ದರು.

ಕಮಿಟಿಯ ದಿನ ನಾನು ಹೋಗಲಿಲ್ಲ. ಅಷ್ಟು ಜನರ ನಡುವೆ ಕೂರುವುದು ನನ್ನಿಂದಾಗದು ಎಂದೆ. ಮನೆಯಲ್ಲಿ ಕಿಟಕಿಯ ಬಳಿ ನಿಂತಿದ್ದೆ. ಸಂಜೆ ನಾಲ್ಕಕ್ಕೆ ಗಿರಿಜತ್ತೆ ಬೀದಿ ದಾಟಿ ಬರುವುದು ಕಂಡಿತು. ನಡಿಗೆ ನೋಡಿಯೇ ತಿಳಿಯಿತು. ಪ್ರೊಫೆಸರಮ್ಮನೂ ಒಪ್ಪಿದರಂತೆ. ಆದರೆ ಒಂದು ಮಾತು ಹೇಳಿದ್ದರು. ಜಗಳೂರಿನ ಬಸ್ ಸ್ಟ್ಯಾಂಡಿನ ವಿಷಯ ಹೇಳಿದವರು ಯಾರು, ಅವರ ಒಪ್ಪಿಗೆ ಬೇಕು, ಸಹಿ ಬೇಕು ಎಂದು.

ಸಹಿ

ಅವಳು ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಕಂಪಾಲಾದಲ್ಲಿ ಮಾತನಾಡಿಸಿದ ಪ್ರತಿಯೊಬ್ಬರಿಂದಲೂ ಅಂಥದ್ದೊಂದನ್ನು ಬರೆಸಿಕೊಂಡಿದ್ದಳಂತೆ.

"ಹೆಸರು ಬದಲಾಯಿಸ್ತೀವಿ ಅವ್ವಾ. ಯಾರಿಗೂ ತೊಂದರೆ ಆಗಬಾರದು ಅಂತ. ಅವರಿಗೆಲ್ಲ ಬೇರೆ ಹೆಸರಿಟ್ಟಿದೀನಿ. ನಿಂಗೆ ಏನಿಡ್ಲಿ? ಲಕ್ಷ್ಮಿ? ಸರೋಜ?"

ಎರಡೂ ಚೆಂದದ ಹೆಸರುಗಳೇ.

"ಇರೋ ಹೆಸರೇ, ತಿಪ್ಪಮ್ಮ ಅಂತಲೇ ಇರಲಿ" ಎಂದೆ.

"ಊರವರು ಯಾರಾದ್ರೂ ಓದಿದ್ರೆ?"

"ಓದಲಿ. ನಿನ್ನ ತಮ್ಮಂಗೆ, ಮೊಮ್ಮಕ್ಕಳಿಗೆ ನಾನೇ ಹೇಳ್ತೀನಿ."

ಅವಳು ಹೆಸರು ಬರೆದಳು. ಮುಂದಿನ ಸಾಲು ಉದ್ಯೋಗ. ಪಾಸ್‌ಪೋರ್ಟಿಗೆ, ವೀಸಾಕ್ಕೆ ಬರೆದಂತೆ ಗೃಹಿಣಿ ಎಂದು ಬರೆಯಲು ಪೆನ್ನಿಟ್ಟಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಬಸ್ ಸ್ಟ್ಯಾಂಡಿನಲ್ಲಿ ಕೂರೋ ಕೆಲಸ ಅಂತ ಬರಿ."

ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ. ಬರೆದಳು.

"ಎಷ್ಟು ವರ್ಷ?"

"ನಾಲ್ಕು. ಎರಡನೇ ವರ್ಷ ನೀನು ಹೊಟ್ಟೇಲಿದ್ದೆ. ಏಳು ತಿಂಗಳ ತನಕ ಕೂತಿದ್ದೆ. ಬಸ್ಸು ಬೇಗ ಬೇಗ ತುಂಬಿದ್ದೇ ಆಗ. ಬಸುರಿ ಕೂತವಳೆ, ಡ್ರೈವರು ನಿಧಾನ ಹೊಡೀತಾನೆ ಅಂತ ಹೆಣ್ಣುಮಕ್ಕಳು ಹತ್ತೋರು."

ಗಿರಿಜತ್ತೆ ಪೆನ್ನು ಕೆಳಗಿಟ್ಟಳು. ಕಣ್ಣು ಒರೆಸಿಕೊಂಡು ನಕ್ಕಳು. "ಹಾಗಾದ್ರೆ ಲೆಕ್ಕ ಮತ್ತೆ ತಪ್ಪಿತಲ್ಲವ್ವಾ. ನಾವಿಬ್ರು ಕೂತಿದ್ವಿ. ನಾನೂ ಒಂದು ಫಾರಂ ತುಂಬ್ಬೇಕು" ಎಂದು ಚೀಲಕ್ಕೆ ಕೈ ಹಾಕಿದಳು.

"ನೀನು ಮಲಗಿದ್ದೆ" ಎಂದೆ. "ಕೂತೋಳು ನಾನು. ಎಲ್ಲಿ ಸಹಿ ಹಾಕಬೇಕು ತೋರಿಸು."

ಅವಳು ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ, ಕನ್ನಡದಲ್ಲಿ, ಅವಸರ ಮಾಡದೆ ಹಾಕಿದೆ.